ಹುಣಸೆಯ ಹುಳಿಯಿಂದ ಮಾತ್ರೆಯವರೆಗೆ: ಕನ್ನಡಿಬಿಂಬದ ಅಣುಗಳು ಬೇರೆಯಾದ ಬಗೆ

ಕಾರವಾರದ ಔಷಧಿ ಅಂಗಡಿಯಲ್ಲಿ ಅಲರ್ಜಿಗೆ ಮಾತ್ರೆ ಕೇಳಿದರೆ ಸೆಟ್ರಿಜಿನ್ 10 ಮಿಲಿಗ್ರಾಂ ಕೊಡುತ್ತಾರೆ, ಇಲ್ಲವೇ ಲಿವೋಸೆಟ್ರಿಜಿನ್ 5 ಮಿಲಿಗ್ರಾಂ. ಅರ್ಧ ಪ್ರಮಾಣ ಯಾಕೆ ಸಾಕು ಎಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಮೊದಲನೆಯದರಲ್ಲಿ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ಅಣುಗಳು ಸಮಸಮ ಬೆರೆತಿವೆ; ಎರಡನೆಯದರಲ್ಲಿ ಹೆಚ್ಚು ಕೆಲಸ ಮಾಡುವುದು ಮಾತ್ರ ಇದೆ. ಕುದಿಯುವುದರಲ್ಲಿ, ಕರಗುವುದರಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದ ಈ ಜೋಡಿಯನ್ನು ಬಿಡಿಸಿದ್ದು ಹೇಗೆ?

1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣದ ಎಡ–ಬಲ ಹರಳುಗಳನ್ನು ಒಂದೊಂದಾಗಿ ಆರಿಸಿ ಬೇರೆ ಮಾಡಿದ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತವೆ. ಆದರೆ ಆ ಹರಳುಗಳು ಬೇರೆ ಬೇರೆಯಾಗಿ ಮೂಡುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ. ಕಾರವಾರದ ಏಪ್ರಿಲ್ ಸೆಕೆಯಲ್ಲಿ ಕಿಟಕಿಯ ಬಳಿ ಇಟ್ಟರೆ ಎರಡೂ ಒಂದೇ ಹರಳಿನೊಳಗೆ ಸೇರಿಕೊಳ್ಳುತ್ತವೆ. ಶಿರಸಿಯ ಜನವರಿ ರಾತ್ರಿಯಾದರೆ ಆದೀತು.

ನನ್ನ ಮಟ್ಟಿಗೆ ನಿಜವಾದ ತಿರುವು 1853ರದು. ಆ ವರ್ಷ ಪಾಶ್ಚರ್ ಎಡ–ಬಲ ಬೆರೆತ ಟಾರ್ಟಾರಿಕ್ ಆಮ್ಲಕ್ಕೆ ಸಿಂಕೋನಾ ತೊಗಟೆಯ ಕ್ಷಾರಗಳಿಂದ ಪಡೆದ ಪ್ರತ್ಯಾಮ್ಲ ಸೇರಿಸಿದ. ಆ ಪ್ರತ್ಯಾಮ್ಲಕ್ಕೆ ಒಂದೇ 'ಕೈ', ಅಂದರೆ ಎಡ ಇಲ್ಲವೇ ಬಲ ರೂಪ ಮಾತ್ರ. ಕೈಮುಗಿದಾಗ ಎಡ–ಬಲ ಅಂಗೈಗಳು ಬೆರಳಿಗೆ ಬೆರಳು ಕೂಡುತ್ತವೆ. ಇಬ್ಬರು ತಮ್ಮ ಬಲ ಅಂಗೈಗಳನ್ನು ಹಾಗೆ ಜೋಡಿಸಿದರೆ ಹೆಬ್ಬೆರಳು ಎದುರುಬದುರು ಹೋಗುತ್ತದೆ. ಹೀಗೆ ಹುಟ್ಟಿದ ಎರಡು ಲವಣಗಳು ಕನ್ನಡಿಬಿಂಬಗಳಲ್ಲ, ಕರಗುವ ಗುಣವೂ ಒಂದಲ್ಲ. ಕಡಿಮೆ ಕರಗುವುದು ಮೊದಲು ಹರಳಾಗುತ್ತದೆ. ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಕೆಳಗಿಳಿದು ಮೆಗ್ನೀಸಿಯಂನ ಕಹಿನೀರು ಮೇಲುಳಿಯುವುದನ್ನು ಕಂಡವರಿಗೆ ಇದು ಹೊಸತಲ್ಲ.

ನಮ್ಮ ಲ್ಯಾಬಿನಲ್ಲಿ ಫಿನೈಲ್‌ಎಥಿಲ್ ಅಮೀನ್ ಎಂಬ ಪ್ರತ್ಯಾಮ್ಲದ ಎಡ–ಬಲ ರೂಪಗಳನ್ನು ಹೀಗೆ ಬಿಡಿಸುತ್ತೇವೆ. ಜೊತೆಗೆ ಹಾಕುವುದು ಟಾರ್ಟಾರಿಕ್ ಆಮ್ಲ, ಹುಣಸೆಹಣ್ಣಿನಲ್ಲಿರುವ ಅದೇ ಬಲಮುರಿ ಆಮ್ಲ. ಮೆಥನಾಲಿನಲ್ಲಿ ಕರಗಿಸಿ, ಅಲುಗಾಡಿಸದೆ ಮುಚ್ಚಿಡಬೇಕು. ಬೇಗ ತಣಿದರೆ ಸೂಜಿಯಂಥ ಬಿಳಿ ಎಳೆಗಳು ಬರುತ್ತವೆ. ಅವು ಅಷ್ಟು ಶುದ್ಧವಲ್ಲ. ಬಿಸಿನೀರಿನ ಮೇಲಿಟ್ಟು ಮತ್ತೆ ಕರಗಿಸಿ ಕಾಯುತ್ತೇವೆ. ಮರುದಿನ ಫ್ಲಾಸ್ಕಿನ ತಳದಲ್ಲಿ ಕಲ್ಲುಸಕ್ಕರೆಯಂಥ ದಪ್ಪ ಹರಳು ಕಂಡರೆ ಮಕ್ಕಳ ಮುಖ ಅರಳುತ್ತದೆ. ಕಾಸ್ಟಿಕ್ ಸೋಡಾ ಹಾಕಿದೊಡನೆ ಅಮೀನು ಮೀನಿನ ವಾಸನೆಯೊಂದಿಗೆ ಬಿಡಿಸಿಕೊಂಡು ಮೇಲೆ ತೇಲುತ್ತದೆ.

ಆಮೇಲೆ ಬಂದದ್ದು ನೂರು ವರ್ಷಗಳ ಸುಧಾರಣೆ, ಗರ್ಭಿಣಿಯರು ನುಂಗಿದ ಮಾತ್ರೆಯಿಂದ ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ್ದು ಬಯಲಾದ 1961ರ ಥಾಲಿಡೊಮೈಡ್ ದುರಂತ, ಎಡ–ಬಲ ಎರಡನ್ನೂ ಪರೀಕ್ಷಿಸಬೇಕೆಂಬ ಅಮೆರಿಕದ ಔಷಧ ನಿಯಂತ್ರಕರ 1992ರ ನೀತಿ. ಥಾಲಿಡೊಮೈಡನ್ನು ಬಿಡಿಸಿ ಕೊಟ್ಟಿದ್ದರೂ ಪ್ರಯೋಜನವಿರಲಿಲ್ಲ: ಅದು ದೇಹದೊಳಗೇ ಕೈ ಬದಲಿಸುತ್ತದೆ. ಬೇಕಾದ ಕೈಯನ್ನೇ ನೇರವಾಗಿ ಕಟ್ಟುವ ವೇಗವರ್ಧಕಗಳಿಗೆ 2001ರ ನೊಬೆಲ್ ಬಂತು. ಹಾಗೆಂದು ಹಳೆಯ ವಿಧಾನ ಮೂಲೆ ಸೇರಲಿಲ್ಲ. ಲಿವೋಸೆಟ್ರಿಜಿನ್ ತಯಾರಿಯ ಒಂದು ದಾರಿಯಲ್ಲಿ ಅದರ ಮೂಲ ಅಮೀನನ್ನು ಬಿಡಿಸುವುದೂ ಟಾರ್ಟಾರಿಕ್ ಆಮ್ಲವೇ.

ಒಂದು ತೊಡಕು ಮಾತ್ರ ಉಳಿದಿದೆ. ಎಷ್ಟೇ ಜಾಣತನದಿಂದ ಮಾಡಿದರೂ ಕೈಗೆ ಬರುವುದು ಗರಿಷ್ಠ ಅರ್ಧ. ಉಳಿದರ್ಧ ಸೋಸಿದ ದ್ರಾವಣದಲ್ಲೇ ಇರುತ್ತದೆ. ಅದನ್ನು ಮತ್ತೆ ಬೆರಕೆಯಾಗಿಸಿ ಮೊದಲ ಪಾತ್ರೆಗೆ ಸುರಿಯಬಹುದಾದರೆ ಸರಿ. ಆಗದಿದ್ದರೆ, ಅಷ್ಟು ಶ್ರಮಪಟ್ಟು ಕಟ್ಟಿದ ಅಣು ತ್ಯಾಜ್ಯದ ಡ್ರಮ್ಮಿಗೆ ಹೋಗುತ್ತದೆ.