ಗೇಮ್ ಓಡಿತು, ಆಮಂತ್ರಣ ಪತ್ರಿಕೆ ಓಡಲಿಲ್ಲ

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ನೇಮೋತ್ಸವ, ಯಕ್ಷಗಾನ ಬಯಲಾಟದ ಕರಪತ್ರ. ದೀಪಾವಳಿಯಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಗೆ ನೇಮ, ಬಯಲಾಟಗಳ ಋತು ಮುಗಿಯುವವರೆಗೆ, ಊಟಕ್ಕೂ ಪುರುಸೊತ್ತಿಲ್ಲ. ಅಲ್ಲಿನ ಕಂಪ್ಯೂಟರ್ ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನದು. ಇವತ್ತಿಗೂ ಗಟ್ಟಿಮುಟ್ಟಾಗಿದೆ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಮೇಲಿನ ಇಂಟೆಲ್ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು. ನಮ್ಮದಕ್ಕೆ ಆ ಯೋಗ ಇಲ್ಲ.

ಮಣಿಪಾಲದಲ್ಲಿ ಓದುವ ಅಕ್ಕನ ಮಗ ಭಾನುವಾರ ಬಂದು ಅದೇ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾನೆ. "ಮಾವ, ಲಿನಕ್ಸ್ ಹಾಕುವ" ಎಂದ. ವಿಂಡೋಸ್ ಬದಲಿಗೆ ಬಿಟ್ಟಿಯಾಗಿ ಸಿಗುವ, ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಅದು.

"ಅಂಗಡಿ ಮುಚ್ಚಿಸ್ತೀಯಾ ಮಾರಾಯ? ಮತ್ತೆ ನಿನ್ನ ಗೇಮ್?"

"ಗೇಮಿನ ಚಿಂತೆ ನನಗೆ ಬಿಡಿ."

ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ ಲಿನಕ್ಸ್ ಮಿಂಟ್ ಹಾಕಿದ. ಸಂಜೆಯೊಳಗೆ ವಿಂಡೋಸ್‌ಗೆಂದೇ ಮಾಡಿದ ಅವನ ಗೇಮ್ ಲಿನಕ್ಸಿನಲ್ಲಿ ಓಡಿತು. ಖುಷಿಯಲ್ಲಿ ನಾನು ಹೋದ ವರ್ಷದ ಒಂದು ನೇಮದ, ಅಂದರೆ ದೈವದ ಉತ್ಸವದ, ಆಮಂತ್ರಣದ ಫೈಲ್ ತೆರೆದೆ. ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಕೊಂಬು, ಬಾಲ ಹಚ್ಚಿದಂಥ ಏನೋ ಒಂದು ಪರದೆ ತುಂಬ ಹರಡಿಕೊಂಡಿತು. ದೈವದ ಹೆಸರೂ ಕಾಣಲಿಲ್ಲ, ತಾರೀಕೂ ಕಾಣಲಿಲ್ಲ.

ಅಷ್ಟು ದೊಡ್ಡ ಗೇಮ್ ಓಡುತ್ತದೆ, ಒಂದು ಹಾಳೆ ಕನ್ನಡ ಓಡುವುದಿಲ್ಲ ಎಂದರೆ ಎಂಥದು ಇದು? ಇದರ ಹಿಂದೆ ಮೂವತ್ತು ವರ್ಷಗಳ ಕತೆ ಇದೆ.

ಲಿನಕ್ಸ್ ನನಗೆ ಹೊಸತೇನೂ ಅಲ್ಲ. 2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಲಿನಕ್ಸ್ ಶುರುವಾಯಿತು. ಆಗ ಹೆಸರು, ವಿಳಾಸ ಬರೆದು ಕೇಳಿದರೆ ಸಾಕು, ಸಿಡಿಯನ್ನು ಅಂಚೆಯಲ್ಲಿ ಬಿಟ್ಟಿಯಾಗಿ ಮನೆಗೇ ಕಳಿಸುತ್ತಿದ್ದರು. 2011ರವರೆಗೂ ಆ ವ್ಯವಸ್ಥೆ ಇತ್ತು. ನನಗೂ ಬಂದಿತ್ತು. ಪೋಸ್ಟ್‌ಮ್ಯಾನ್ "ಫಾರಿನ್‌ನಿಂದ ಯಾರು ಕಳಿಸಿದ್ದು?" ಎಂದು ಕೇಳಿದ್ದರು. ಹಾಕಿದೆ, ಕಂದು ಬಣ್ಣದ ಪರದೆ ಚಂದ ಕಂಡಿತು. ಎರಡೇ ದಿನ. ಮೂರನೇ ದಿನ ಗೆಳೆಯರು ಗೇಮ್ ಆಡಲು ಬಂದರು, ನಾನು ವಿಂಡೋಸ್‌ಗೆ ವಾಪಸ್. ನನ್ನ ಪರಿಚಯದಲ್ಲಿ ಲಿನಕ್ಸ್ ಹಾಕಿದವರೆಲ್ಲರ ಕತೆಯೂ ಹೆಚ್ಚು ಕಡಿಮೆ ಇಷ್ಟೇ.

ತೊಡಕು ಇದ್ದದ್ದು ಎಲ್ಲಿ? ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಒಳಗಿನ ಪ್ರೊಸೆಸರ್ ಅದೇ. ಆದರೆ ಯಾವ ಪ್ರೋಗ್ರಾಮೂ ಪ್ರೊಸೆಸರಿನ ಜೊತೆ ಮಾತ್ರ ಮಾತಾಡುವುದಿಲ್ಲ. ಫೈಲ್ ತೆರೆ, ಕಿಟಕಿ ಬಿಡಿಸು, ಸದ್ದು ಮಾಡು ಎಂದು ಹೆಜ್ಜೆ ಹೆಜ್ಜೆಗೂ ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತಲೇ ಇರುತ್ತದೆ. ವಿಂಡೋಸ್ ಪ್ರೋಗ್ರಾಂ ಕೇಳುವುದು ವಿಂಡೋಸಿನ ಮಾತಿನಲ್ಲಿ. ಲಿನಕ್ಸ್‌ಗೆ ಆ ಮಾತು ಬರುವುದಿಲ್ಲ.

ಮಂಗಳೂರಿನ ಬಂದರಿನಲ್ಲಿ ಇದು ಯಾವತ್ತೂ ಸಮಸ್ಯೆಯೇ ಅಲ್ಲ. ಅಲ್ಲಿನ ದಲ್ಲಾಳಿ ಒಬ್ಬರ ಹತ್ತಿರ ಬ್ಯಾರಿಯಲ್ಲಿ ರೇಟು ಕೇಳುತ್ತಾನೆ, ಪಕ್ಕದವರಿಗೆ ಅದನ್ನೇ ಕೊಂಕಣಿಯಲ್ಲಿ ಹೇಳುತ್ತಾನೆ, ನಿಮ್ಮನ್ನು ನೋಡಿ "ಎಂಚ ಉಲ್ಲರ್?" ಎಂದು ತುಳುವಿಗೆ ತಿರುಗುತ್ತಾನೆ. ಸರಕು ಅದೇ, ಮಾತು ಮಾತ್ರ ಬೇರೆ. ವೈನ್ ಎಂಬ ತಂತ್ರಾಂಶ ಮಾಡುವುದು ಇದನ್ನೇ. ವಿಂಡೋಸ್ ಮಾತಿನಲ್ಲಿ ಬಂದ ಕೋರಿಕೆಯನ್ನು ಅಲ್ಲೇ ಲಿನಕ್ಸ್ ಮಾತಿಗೆ ತಿರುಗಿಸುತ್ತದೆ. ಪ್ರೊಸೆಸರನ್ನು ಅದು ಅನುಕರಿಸುವುದಿಲ್ಲ, ಹಾಗಾಗಿ ವೇಗ ಅಷ್ಟಾಗಿ ಕುಗ್ಗುವುದಿಲ್ಲ. 'ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್' ಎಂದು ಹೆಸರಿನಲ್ಲೇ ಹೇಳಿಕೊಂಡಿದ್ದಾರೆ.

1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಇದನ್ನು ಶುರು ಮಾಡಿದಾಗ ಕಣ್ಣ ಮುಂದೆ ಇದ್ದದ್ದು ವಿಂಡೋಸ್ 3.1. ಮರುವರ್ಷ ಅಲೆಕ್ಸಾಂಡರ್ ಜೂಲಿಯಾರ್ ಮೇಲ್ವಿಚಾರಣೆ ವಹಿಸಿಕೊಂಡರು. 1.0 ಆವೃತ್ತಿ ಬಂದದ್ದು 2008ರ ಜೂನಿನಲ್ಲಿ. ಹದಿನೈದು ವರ್ಷ! ಅಷ್ಟು ಯಾಕೆ ಬೇಕಾಯಿತು ಎಂದು ಕೇಳಬಹುದು. ವಿಂಡೋಸಿನ ಒಳಗುಟ್ಟು ಹೊರಗಿನವರಿಗೆ ಸಿಗುವುದಿಲ್ಲ. ಹೊರಗಿನಿಂದ ತಟ್ಟಿ ನೋಡಿ, ಅದು ಏನು ಉತ್ತರ ಕೊಡುತ್ತದೆಂದು ಗಮನಿಸಿ, ಹಾಗೇ ಉತ್ತರ ಕೊಡುವ ಹೊಸ ಕೋಡ್ ಬರೆಯಬೇಕು. ಇನ್ನೊಂದು ಪೀಕಲಾಟವೂ ಇದೆ. ವಿಂಡೋಸಿನಲ್ಲಿ ಇರುವ ತಪ್ಪುಗಳನ್ನೇ ನಂಬಿಕೊಂಡು ನಡೆಯುವ ಪ್ರೋಗ್ರಾಂಗಳು ಸಾಕಷ್ಟಿವೆ. ವೈನ್ ಆ ತಪ್ಪನ್ನೂ ಇದ್ದ ಹಾಗೇ ಮಾಡಬೇಕು.

ಆಟಗಳದ್ದು ಬೇರೆಯೇ ತಲೆನೋವು. ವಿಂಡೋಸ್ ಗೇಮ್‌ಗಳು ಚಿತ್ರ ಬಿಡಿಸುವುದು ಹೆಚ್ಚಾಗಿ ಡೈರೆಕ್ಟ್‌ಎಕ್ಸ್ ಮೂಲಕ. ವೈನ್ ಅದನ್ನು ಓಪನ್‌ಜಿಎಲ್ ಎಂಬ ಇನ್ನೊಂದು ಚಿತ್ರಭಾಷೆಗೆ ತಿರುಗಿಸುತ್ತಿತ್ತು. ಎರಡರ ಜಾಯಮಾನ ಕೂಡಿ ಬರುತ್ತಿರಲಿಲ್ಲ, ಆಟ ಎತ್ತಿನ ಗಾಡಿಯ ಹಾಗೆ ಸಾಗುತ್ತಿತ್ತು. ವೈನ್‌ನ ಕೋಡನ್ನೇ ತೆಗೆದುಕೊಂಡು ಗೇಮ್‌ಗಳಿಗೆಂದು ತಿದ್ದಿ, ಚಂದಾ ಪಡೆದು ಕೊಡುವ ಕಂಪನಿಯೂ ಹುಟ್ಟಿತು. ತಿದ್ದಿದ್ದನ್ನೆಲ್ಲ ಮೂಲಕ್ಕೆ ವಾಪಸ್ ಕೊಡಬೇಕೆಂಬ ನಿಯಮ ಆಗ ಇರಲಿಲ್ಲ. 2002ರಲ್ಲಿ ವೈನ್ ತನ್ನ ಪರವಾನಗಿಯನ್ನೇ ಬದಲಿಸಿ ಆ ನಿಯಮ ತಂದಿತು. ಸುಮ್ನೆ ಕಾನೂನಿನ ಮಾತು ಎನಿಸಬಹುದು. ಆದರೆ ಇವತ್ತು ದೊಡ್ಡ ಕಂಪನಿ ಹಣ ಹಾಕಿ ಮಾಡಿಸಿದ ಕೆಲಸ ನನ್ನ ಅಂಗಡಿಗೂ ಬಿಟ್ಟಿಯಾಗಿ ಬರುತ್ತಿರುವುದರಲ್ಲಿ ಆ ಪರವಾನಗಿಯ ಪಾಲು ಇದೆ.

ಆ ದೊಡ್ಡ ಕಂಪನಿ ವಾಲ್ವ್. ಸ್ಟೀಮ್ ಎಂಬ ಗೇಮ್ ಅಂಗಡಿ ಅದರದ್ದು. 2012ರಲ್ಲಿ ವಿಂಡೋಸ್ 8 ಬರುವಾಗ ಅದರೊಳಗೆ ಮೈಕ್ರೋಸಾಫ್ಟಿನದೇ ಆ್ಯಪ್ ಅಂಗಡಿಯೂ ಬಂತು. ಬಾಡಿಗೆ ಕಟ್ಟಡದಲ್ಲಿ ನಾವು ಅಂಗಡಿ ಇಟ್ಟಿದ್ದೇವೆ, ಒಂದು ದಿನ ಕಟ್ಟಡದ ಧಣಿಯೇ ಕೆಳಗಡೆ ಅದೇ ವ್ಯಾಪಾರ ಶುರು ಮಾಡಿದ ಎಂದುಕೊಳ್ಳಿ. ಹೆದರಿಕೆ ಆಗದೆ ಇರುತ್ತದಾ? ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ ವಿಂಡೋಸ್ 8 ಅನ್ನು ದೊಡ್ಡ ಅನಾಹುತ ಎಂದು ಬಹಿರಂಗವಾಗಿ ಕರೆದರು. 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರಲ್ಲಿ ಸ್ಟೀಮ್ ಮಷಿನ್ ಎಂಬ ಲಿನಕ್ಸ್ ಗೇಮಿಂಗ್ ಡಬ್ಬಗಳೂ ಬಂದವು. ಬಂದಷ್ಟೇ ಬೇಗ ಮಲಗಿದವು. ಲಿನಕ್ಸ್‌ಗೂ ಒಂದು ಆವೃತ್ತಿ ಮಾಡಿ ಎಂದರೆ ಗೇಮ್ ಮಾಡುವವರು ಕೇಳಬೇಕಲ್ಲ. ಆಡುವವರಿಲ್ಲದೆ ಗೇಮ್ ಬರುವುದಿಲ್ಲ, ಗೇಮ್ ಇಲ್ಲದೆ ಆಡುವವರು ಬರುವುದಿಲ್ಲ.

ದಾರಿ ತೆರೆದದ್ದು ಬೇರೆ ಕಡೆಯಿಂದ. 2016ರಲ್ಲಿ ವಲ್ಕನ್ ಎಂಬ ಹೊಸ ಚಿತ್ರಭಾಷೆ ಬಂತು. ಗ್ರಾಫಿಕ್ಸ್ ಕಾರ್ಡಿನ ಮೇಲೆ ಅದು ಕೊಡುವ ಹಿಡಿತ ಜಾಸ್ತಿ. ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್‌ಗೆ 'ನಿಯರ್: ಆಟೋಮಾಟಾ' ಎಂಬ ಗೇಮನ್ನು ಲಿನಕ್ಸಿನಲ್ಲಿ ಆಡಬೇಕೆಂಬ ಹಂಬಲ. ಅದಕ್ಕಾಗಿ ಡೈರೆಕ್ಟ್‌ಎಕ್ಸ್ 11ನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆಯತೊಡಗಿದರು. ನನಗೆ ಈ ಇಡೀ ಕತೆಯಲ್ಲಿ ತುಂಬ ಇಷ್ಟವಾದ ಜಾಗ ಇದು. ಒಂದು ಆಟದ ಆಸೆಗೆ ಹುಟ್ಟಿದ ಕೆಲಸ ಸಾವಿರಾರು ಆಟಗಳಿಗೆ ಸೇತುವೆಯಾಯಿತು. ವಾಲ್ವ್ ಅವರ ಕೆಲಸಕ್ಕೆ ಹಣ ಕೊಟ್ಟಿತು. ವೈನ್, ಡಿಎಕ್ಸ್‌ವಿಕೆ ಎಲ್ಲ ಒಟ್ಟು ಸೇರಿಸಿ 2018ರ ಆಗಸ್ಟಿನಲ್ಲಿ ಪ್ರೋಟಾನ್ ಎಂದು ಹೊರತಂದಿತು. ಮೊದಲ ದಿನ ಅಧಿಕೃತ ಪಟ್ಟಿಯಲ್ಲಿ ಇದ್ದದ್ದು 27 ಗೇಮ್ ಮಾತ್ರ. 2022ರ ಫೆಬ್ರವರಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಬಂತು. ಅದರೊಳಗೆ ಇರುವುದು ಲಿನಕ್ಸೇ. 2025ರ ಅಕ್ಟೋಬರಿನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಬಳಕೆದಾರರ ಪಾಲು ಮೊದಲ ಸಲ ಶೇ. 3 ದಾಟಿತು. ಸಣ್ಣ ಸಂಖ್ಯೆಯೇ. ಆದರೆ ಒಂದು ಕಾಲದಲ್ಲಿ ಶೇ. 1ಕ್ಕೂ ಪರದಾಡುತ್ತಿದ್ದದ್ದು ಅದು.

ಹಾಗೆಂದು ಎಲ್ಲವೂ ಓಡುತ್ತದಾ? ಇಲ್ಲ. ಅಕ್ಕನ ಮಗ ಗೆಳೆಯರ ಜೊತೆ ಆಡುವ ಒಂದು ಆನ್‌ಲೈನ್ ಶೂಟಿಂಗ್ ಗೇಮ್ ಒಳಗೇ ಬಿಡಲಿಲ್ಲ. ಮೋಸ ಮಾಡುವವರನ್ನು ಹಿಡಿಯುವ ಆ್ಯಂಟಿ-ಚೀಟ್ ತಂತ್ರಾಂಶ ವಿಂಡೋಸಿನ ಹೊಟ್ಟೆಯೊಳಗೇ ಕೂತು ಕಾಯುವಂಥದ್ದು. ವೈನ್‌ನಲ್ಲಿ ಅಂಥ ಹೊಟ್ಟೆಯೇ ಇಲ್ಲ. ವಾಲೊರಂಟ್ ಎಂಬ ಗೇಮಿನ ವ್ಯಾನ್‌ಗಾರ್ಡ್ ಈ ಬಗೆಯದು. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಬೇರೆ ಎರಡು ಆ್ಯಂಟಿ-ಚೀಟ್‌ಗಳು 2021ರಿಂದ ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲವು, ಆದರೆ ಬಾಗಿಲು ತೆರೆಯಬೇಕಾದವರು ಗೇಮ್ ಮಾಡಿದವರು. ಏಪೆಕ್ಸ್ ಲೆಜೆಂಡ್ಸ್ ಎಂಬ ಗೇಮ್ ತೆರೆದಿತ್ತು. ಮೋಸಗಾರರು ಲಿನಕ್ಸ್ ದಾರಿಯಿಂದ ನುಗ್ಗುತ್ತಿದ್ದಾರೆಂದು 2024ರಲ್ಲಿ ಮತ್ತೆ ಮುಚ್ಚಿತು. ಅಂದರೆ ಇಲ್ಲಿ ಉಳಿದಿರುವುದು ಬಹುಪಾಲು ಅನುಮತಿಯ ಪ್ರಶ್ನೆ.

ಈಗ ನನ್ನ ನೇಮದ ಕಾಗದಕ್ಕೆ ಬರುತ್ತೇನೆ. ಅದಕ್ಕೂ ವೈನ್‌ಗೂ ಸಂಬಂಧವೇ ಇಲ್ಲ ಎಂದು ಗೊತ್ತಾದಾಗ ನನಗೆ ಸ್ವಲ್ಪ ಪೆಚ್ಚಾಯಿತು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ವ್ಯವಸ್ಥೆ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ನಾವು ಮುದ್ರಣಕ್ಕೆ ಬಳಸಿದ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಹಾಗಾಗಿ ಕನ್ನಡ ಅಕ್ಷರದ ತುಂಡುಗಳನ್ನು, ತಲೆಕಟ್ಟು, ಒತ್ತು, ಕೊಂಬು ಎಲ್ಲವನ್ನೂ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ ಫಾಂಟ್‌ಗಳೇ ಗತಿಯಾದವು. ಫೈಲಿನೊಳಗೆ ಇರುವುದು ಇಂಗ್ಲಿಷ್ ಗುರುತು, ಫಾಂಟ್ ಅದಕ್ಕೆ ಕನ್ನಡದ ವೇಷ ಕಟ್ಟುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಕಿರೀಟ ತೆಗೆದಿಟ್ಟು ಚೌಕಿಯಲ್ಲಿ ಕೂತ ಬಣ್ಣದ ವೇಷಧಾರಿಯನ್ನು ನೋಡಿದಂತೆ.

ಮದ್ದು ಇದೆ, ಅರ್ಧಂಬರ್ಧ. ಆ ಫಾಂಟ್ ಫೈಲ್‌ಗಳನ್ನೇ ಲಿನಕ್ಸ್‌ಗೆ ಹಾಕಿದರೆ ಹಳೆಯ ವರ್ಡ್ ಕಡತಗಳು ಓದುವಂತಾದವು. ಲಿಬ್ರೆ ಆಫೀಸ್ ಎಂಬ ಬಿಟ್ಟಿ ಕಚೇರಿ ತಂತ್ರಾಂಶ 2015ರ 4.4 ಆವೃತ್ತಿಯಿಂದಲೇ ಪೇಜ್‌ಮೇಕರ್ ಫೈಲ್ ತೆರೆಯುತ್ತದೆ, ನನ್ನ ಬಾರ್ಡರ್, ಕಾಲಮ್‌ಗಳು ಮಾತ್ರ ಅಲ್ಲಲ್ಲಿ ಜಾರಿದವು. ತೀರಾ ಬೇಕಾದದ್ದಕ್ಕೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಕಟ್ಟಿಕೊಡುವ ವರ್ಚುವಲ್‌ಬಾಕ್ಸ್ ಒಳಗೆ ಹಳೆಯ ವಿಂಡೋಸನ್ನು ಇಂಟರ್ನೆಟ್ ಕೊಡದೆ ಕೂರಿಸಿದ್ದೇವೆ. ಹೊಸ ಕೆಲಸ ಎಲ್ಲ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ. 2024ರ ಜನವರಿಯಲ್ಲಿ ಬಂದ ಅದರ 1.6 ಆವೃತ್ತಿಯಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಬೆರಳಿಗೆ ಮಾತ್ರ ಏನೂ ಕಷ್ಟವಾಗಲಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಹುಡುಕಿದರೆ 'ಕಗಪ' ವಿನ್ಯಾಸ ಮೊದಲೇ ಇತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ನಾವೆಲ್ಲ ಕಲಿತದ್ದು ಇದನ್ನೇ. ಇದರ ಮೂಲ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ. ಕೆ.ಪಿ. ಅಂದರೆ ಕಿನ್ನಿಕಂಬಳ ಪದ್ಮನಾಭ. ಕಿನ್ನಿಕಂಬಳ ಇರುವುದು ಮಂಗಳೂರಿನ ಹತ್ತಿರವೇ. "ನೋಡು, ನಮ್ಮ ಊರಿನವರು ನಿನ್ನ ಲಿನಕ್ಸಿನಲ್ಲಿ ಆಗಲೇ ಇದ್ದಾರೆ" ಎಂದೆ. ಅವನು ಗೇಮ್‌ನಿಂದ ತಲೆ ಎತ್ತದೆ "ಹೌದಾ ಮಾವ" ಎಂದ.

ಮೊನ್ನೆ ಗುತ್ತಿನ ಮನೆಯವರು ಬಂದಿದ್ದರು. "ಹೋದ ವರ್ಷದ್ದೇ ಸಾಕು, ತಾರೀಕು ಒಂದು ಬದಲಿಸಿ" ಎಂದರು. ಪ್ರತಿ ವರ್ಷ ಹೇಳುವ ಮಾತೇ ಅದು. ಈ ಸಲ ನಾನು ಪೂರ್ತಿ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದೆ, ಯಜಮಾನರ ಹೆಸರಿನಿಂದ ಅನ್ನಸಂತರ್ಪಣೆಯ ಹೊತ್ತಿನವರೆಗೆ. ಕರಡು ನೋಡಿ ಅವರು ಹೇಳಿದ್ದು ಒಂದೇ ಮಾತು: "ಅಕ್ಷರ ಸ್ವಲ್ಪ ದಪ್ಪ ಮಾಡಿ ಭಟ್ರೆ."