ಕೆಐ-67: ಒಂದೇ ಗಡ್ಡೆಗೆ ಎರಡು ಅಂಕಿ ಏಕೆ?

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಮುಂಬೈಯ ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಸ್ತನ ಕ್ಯಾನ್ಸರ್ ರೋಗಿಗಳ ಫೈಲಿನಲ್ಲಿ ಎರಡು ವರದಿ ಇರುವುದುಂಟು. ಒಂದು ಊರಿನ ಲ್ಯಾಬಿನದು, ಇನ್ನೊಂದು ಅದೇ ಬ್ಲಾಕನ್ನು (ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಂಡು) ಇಲ್ಲಿ ಮತ್ತೆ ಪರೀಕ್ಷಿಸಿದ್ದು. ಇಆರ್, ಪಿಆರ್ (ಗಡ್ಡೆಯ ಹಾರ್ಮೋನ್ ಗ್ರಾಹಕಗಳು) ಬಹುಮಟ್ಟಿಗೆ ತಾಳೆಯಾಗುತ್ತವೆ. ಕೆಐ-67, ಅಂದರೆ ವಿಭಜನೆಯ ಚಕ್ರದಲ್ಲಿರುವ ಕ್ಯಾನ್ಸರ್ ಕೋಶಗಳ ಪಾಲು, ಮಾತ್ರ ಒಂದರಲ್ಲಿ ಶೇ 12, ಇನ್ನೊಂದರಲ್ಲಿ ಶೇ 25 ಎಂದಿರಬಹುದು. ಕೀಮೋ ಬೇಕೆ, ಹಾರ್ಮೋನ್ ಮಾತ್ರೆ ಸಾಕೆ ಎಂಬ ಚರ್ಚೆಯಲ್ಲಿ ಈ ಅಂಕಿಯೂ ಬರುವುದರಿಂದ, ಡೊಂಬಿವಲಿಯ ನೆಂಟರ ಮನೆಯಲ್ಲಿ ಉಳಿದುಕೊಂಡ ಕುಟುಂಬಕ್ಕೆ ನಿದ್ದೆ ಬರುವುದಿಲ್ಲ.

ಜೀವಕೋಶವನ್ನು ವಿಭಜನೆಯ ಚಕ್ರಕ್ಕೆ ನೂಕುವ ಕಿಣ್ವಗಳಲ್ಲಿ ಸಿಡಿಕೆ-4, ಸಿಡಿಕೆ-6 ಮುಖ್ಯ. ಕೆಐ-67 ಕಿಣ್ವವಲ್ಲ, ಕೋಶ ಆ ಚಕ್ರದಲ್ಲಿದೆ ಎಂದು ತೋರಿಸುವ ಪ್ರೋಟೀನ್. ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಅದು ಕಾಣುವುದಿಲ್ಲ. 1983ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಯೊಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದಾಗ ಪರೀಕ್ಷೆಗೆ ಹೆಪ್ಪುಗಟ್ಟಿಸಿದ ಅಂಗಾಂಶವೇ ಬೇಕಿತ್ತು. 1990ರ ದಶಕದಲ್ಲಿ ಕೆಐ-67ಕ್ಕೆ ಅಂಟಿಕೊಂಡು ಅದನ್ನು ತೋರಿಸುವ ಮಿಬ್-1 ಆಂಟಿಬಾಡಿ ಬಂದಮೇಲೆ ಮಾಮೂಲಿ ಮೇಣದ ಬ್ಲಾಕ್ ಸಾಕಾಯಿತು.

ಆಮೇಲೆ ಶುರುವಾದದ್ದು ಎಷ್ಟರ ಮೇಲಿದ್ದರೆ ‘ಹೆಚ್ಚು’ ಎನ್ನಬೇಕು, ಗೆರೆ ಎಲ್ಲಿ ಎಳೆಯಬೇಕೆಂಬ ಜಗ್ಗಾಟ. ಸ್ತನ ಕ್ಯಾನ್ಸರ್ ಕುರಿತ ಸೇಂಟ್ ಗಾಲೆನ್ ತಜ್ಞರ ಸಭೆ 2011ರಲ್ಲಿ ಶೇ 14 ಎಂದಿತು; 2013ರಲ್ಲಿ ಬಹುಮತ ಶೇ 20ರ ಕಡೆ ವಾಲಿತು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆರಂಭಿಕ ಸ್ತನ ಕ್ಯಾನ್ಸರಿಗೆ ಸಿಡಿಕೆ-4, ಸಿಡಿಕೆ-6 ಕಿಣ್ವಗಳನ್ನು ತಡೆಯುವ ಅಬೆಮಾಸಿಕ್ಲಿಬ್ ಮಾತ್ರೆಯನ್ನು ಒಪ್ಪಿದಾಗ ಕೆಐ-67 ಕನಿಷ್ಠ ಶೇ 20 ಇರಬೇಕೆಂಬ ಷರತ್ತಿತ್ತು. 2023ರಲ್ಲಿ ಅದನ್ನು ತೆಗೆದರು. ಕೆಐ-67 ಕುರಿತ ಅಂತರರಾಷ್ಟ್ರೀಯ ಕಾರ್ಯತಂಡವಂತೂ ಶೇ 5 ಅಥವಾ ಅದಕ್ಕೂ ಕಡಿಮೆ, ಶೇ 30 ಅಥವಾ ಅದಕ್ಕೂ ಹೆಚ್ಚು ಇದ್ದರೆ ಮಾತ್ರ ಆ ಅಂಕಿಯನ್ನು ನೆಚ್ಚಬಹುದು ಎಂದಿದೆ.

ಗೆರೆಯ ಬಗ್ಗೆ ಆದಷ್ಟು ಚರ್ಚೆ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ಬಗ್ಗೆ ಆಗಲಿಲ್ಲ. ಆಗಬೇಕಿತ್ತು. ಕತ್ತರಿಸಿ ತೆಗೆದ ಗಡ್ಡೆ ಒಂದು ಗಂಟೆಯೊಳಗೆ ಶೇ 10ರ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ದ್ರಾವಣ ಅಂಗಾಂಶದ ಹತ್ತು ಪಟ್ಟಾದರೂ ಇರಬೇಕು. 6ರಿಂದ 72 ಗಂಟೆ ನೆನೆಯಬೇಕು. ಇಡೀ ಸ್ತನವನ್ನು ಸೀಳದೆ ಚಿಕ್ಕ ಡಬ್ಬಿಗೆ ತುರುಕಿದರೆ ಫಾರ್ಮಲಿನ್ ಒಳಗೆ ಇಳಿಯುವುದಿಲ್ಲ. ಅಂಚು ಚೆನ್ನಾಗಿ ಉಳಿಯುತ್ತದೆ, ನಡು ಕೆಡುತ್ತದೆ. 4 ಮೈಕ್ರಾನ್ ಸೀಳಿನ ಸ್ಲೈಡಿನಲ್ಲಿ ಅಂಚಿನ ನ್ಯೂಕ್ಲಿಯಸ್‌ಗಳು ಕಂದು (ಕೆಐ-67 ಇದೆ ಎಂಬ ಗುರುತು), ನಡುವಿನವು ಬರೀ ನೀಲಿ. ಬಣ್ಣ ಹಾಕುವ ಮುನ್ನ ಬಫರ್‌ನಲ್ಲಿ ಬಿಸಿ ಮಾಡುವ ಹಂತದಲ್ಲಿ ಶಾಖ ಸಾಲದಿದ್ದರೂ ಅಂಕಿ ಇಳಿಯುತ್ತದೆ. ಅದಕ್ಕೇ ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ತಾಳೆ ನೋಡಲು ಜೊತೆಯಲ್ಲಿ ಟಾನ್ಸಿಲ್‌ನ ಕಂಟ್ರೋಲ್ ಸ್ಲೈಡ್ ಬೇಕು.

ಎಣಿಕೆಯಲ್ಲೂ ತೊಡಕಿದೆ. ಕನಿಷ್ಠ 500 ಕೋಶ, ಸಾಧ್ಯವಾದರೆ 1,000 ಎಣಿಸಬೇಕು. ಕಂದು ತಿಳಿಯಾಗಿರಲಿ, ಗಾಢವಾಗಿರಲಿ, ಲೆಕ್ಕಕ್ಕೆ ಸೇರುತ್ತದೆ. ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟ್‌ಗಳೂ (ಬಿಳಿ ರಕ್ತಕಣಗಳು) ವಿಭಜನೆಯಾಗುತ್ತಿರುತ್ತವೆ. ಅವನ್ನು ಸೇರಿಸಿದರೆ ಅಂಕಿ ಉಬ್ಬುತ್ತದೆ. ಒಬ್ಬರು ಅತಿ ಹೆಚ್ಚು ಕಂದು ಕಂಡ ಜಾಗವನ್ನೇ ಎಣಿಸಿ, ಇನ್ನೊಬ್ಬರು ಎಲ್ಲ ಕಡೆಯ ಸರಾಸರಿ ತೆಗೆದರೆ 12 ಮತ್ತು 25 ಒಂದೇ ಸ್ಲೈಡಿನಿಂದಲೂ ಬರಬಹುದು.

ಆದ್ದರಿಂದ ವರದಿಯಲ್ಲಿ ಎಷ್ಟು ಕೋಶ ಎಣಿಸಿದರು, ಯಾವ ವಿಧಾನದಲ್ಲಿ, ಎಷ್ಟು ಹೊತ್ತು ಫಾರ್ಮಲಿನ್‌ನಲ್ಲಿತ್ತು ಎಂಬುದನ್ನು ಬರೆಸಿಕೊಳ್ಳಿ. ಶೇ 5 ಮತ್ತು 30ರ ನಡುವಿನ ಅಂಕಿ ಬಂದಾಗ ಗ್ರೇಡ್ (ಕೋಶಗಳು ಎಷ್ಟು ವಿಕಾರವಾಗಿ ಕಾಣುತ್ತವೆ ಎಂಬ ಶ್ರೇಣಿ), ಗಡ್ಡೆಯ ಅಳತೆ, ಕಂಕುಳ ಗಂಟುಗಳ ಸ್ಥಿತಿಗೇ ಹೆಚ್ಚು ತೂಕ. ಮುಂಬೈಗೆ ಹೊರಡುವಾಗ ಸ್ಲೈಡ್ ಜೊತೆ ಬ್ಲಾಕನ್ನೂ ತನ್ನಿ. ಅದು ಮೇಣದ್ದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.