ಕಿಂಡಿಯ ಮುಂದೆ ಒಂದು ಪ್ರಶ್ನೆ: ದುರ್ಗದ ಕಥೆ ನಮ್ಮವರೆಗೆ ಬಂದ ಬಗೆ

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ಅಂದರೆ ಬಂಡೆಗಳ ನಡುವಿನ ಒಂದು ಸಂದು. ದೊಡ್ಡವರು ತಲೆ ಬಗ್ಗಿಸಿ, ಮೈ ಕುಗ್ಗಿಸಿಕೊಂಡು ನುಸುಳಬೇಕು. ಹೋದ ಸಲ ನಾನು ಅಲ್ಲಿದ್ದಾಗ ಶಾಲೆಯ ಮಕ್ಕಳು ಬಂದಿದ್ದರು. ಗೈಡ್ ಕಥೆ ಹೇಳುತ್ತಿದ್ದರು. ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಓಬವ್ವ ನೀರಿಗೆ ಹೋದಳು, ಕಿಂಡಿಯಲ್ಲಿ ಸದ್ದು ಕೇಳಿಸಿತು, ಒನಕೆ ತಂದು ನಿಂತಳು. ಮುಂದೆ ನಿಂತಿದ್ದ ಒಬ್ಬ ಹುಡುಗಿ ಕೇಳಿದಳು: "ಅಣ್ಣಾ, ಅವಳ ಗಂಡ ಊಟ ಮಾಡ್ತಿದ್ದ ಅಂತ ನಿಮಗೆ ಯಾರು ಹೇಳಿದ್ರು?"

"ನಮ್ಮ ತಾತ ಹೇಳಿದ್ರು, ಪುಟ್ಟಾ."

"ತಾತಂಗೆ?"

ಗೈಡ್ ಪ್ರೀತಿಯಿಂದ ಅವಳ ತಲೆ ಸವರಿ ಮುಂದೆ ನಡೆದರು. ನನಗೆ ಮಾತ್ರ ಆ ಪ್ರಶ್ನೆ ಬಿಟ್ಟುಹೋಗಲಿಲ್ಲ. ದುರ್ಗದಲ್ಲೇ ಇರುವ, ಇತಿಹಾಸ ಪಾಠ ಮಾಡಿ ನಿವೃತ್ತರಾದ ನಮ್ಮ ಮೇಷ್ಟ್ರ ಮನೆಗೆ ಹೋಗಿ ಕೂತೆ. ಅವರು ಕಥೆಯನ್ನು ನೇರವಾಗಿ ಶುರು ಮಾಡುವವರಲ್ಲ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಎಷ್ಟು ವರ್ಷ ಆದಮೇಲೆ ಹೇಳಿದ್ದು ಅಂತ ಮೊದಲು ನೋಡುತ್ತಾರೆ. ಅವತ್ತು ಸಂಜೆ ಅವರ ಜೊತೆ ಮಾತಾಡಿದ ದಾರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ದುರ್ಗವನ್ನು ನಾಯಕರು ಆಳಿದ್ದು 1568ರಿಂದ 1779ರವರೆಗೆ. ಕೊನೆಯವನು ಮದಕರಿ ನಾಯಕ. ಹೈದರಾಲಿ ಒಂದೇ ಸಲ ಬಂದು ಕೋಟೆ ಗೆದ್ದವನಲ್ಲ. ಮತ್ತೆ ಮತ್ತೆ ಬಂದ, 1779ರಲ್ಲಿ ಕೋಟೆ ಅವನ ಕೈ ಸೇರಿತು. ಓಬವ್ವನ ಘಟನೆ ಇವುಗಳಲ್ಲಿ ಯಾವ ಮುತ್ತಿಗೆಯಲ್ಲಿ ನಡೆದದ್ದು ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ.

ಈ ಮುತ್ತಿಗೆಗಳ ಬಗ್ಗೆ ವಿವರವಾಗಿ ಬರೆದವರಲ್ಲಿ ಮಾರ್ಕ್ ವಿಲ್ಕ್ಸ್ ಒಬ್ಬ. 1803ರ ನಂತರ ಕೆಲವು ವರ್ಷ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದವನು. ಕೋಟೆ ಬಿದ್ದು ಆಗ ಇಪ್ಪತ್ತೈದು ವರ್ಷವಾಗಿತ್ತು. ಯುದ್ಧ ನೋಡಿದವರು ಇನ್ನೂ ಬದುಕಿದ್ದ ಕಾಲ ಅದು. ದುರ್ಗದ ಸೈನ್ಯದ ಬೇಡ ಜನಾಂಗದವರು ಕೋಟೆಯಿಂದ ಹೊರಗೆ ನುಗ್ಗುವ ಮುಂಚೆ ದೇವಿಗೆ ಪೂಜೆ ಮಾಡುತ್ತಿದ್ದರು, ಪೂಜೆ ಮುಗಿದಾಗ ಕೊಂಬು ಊದುತ್ತಿದ್ದರು ಅಂತ ಅವನು ಬರೆಯುತ್ತಾನೆ. ಆ ಸದ್ದು ಹೈದರನ ಪಾಳೆಯಕ್ಕೂ ಕೇಳುತ್ತಿತ್ತು. ದಾಳಿ ಬರುತ್ತಿದೆ ಅಂತ ಅವರಿಗೂ ಗೊತ್ತಾಗುತ್ತಿತ್ತು. ಎಲ್ಲಿಂದ ಬರುತ್ತೆ ಅನ್ನೋದೊಂದೇ ಗೊತ್ತಾಗುತ್ತಿರಲಿಲ್ಲ. ಮುನ್ಸೂಚನೆ ಕೊಟ್ಟೂ ಬೇಡರು ಗೆದ್ದು ವಾಪಸ್ ಹೋಗುತ್ತಿದ್ದರಂತೆ.

ಇದನ್ನು ಓದಿ ಹೇಳಿ ಮೇಷ್ಟ್ರು ಕನ್ನಡಕ ತೆಗೆದರು. "ಓಬವ್ವನ ಗಂಡನ ಹೆಸರು ಏನು ಹೇಳಿ?"

ಕಹಳೆ ಮುದ್ದಹನುಮ. ಕಹಳೆ! ಚಿಕ್ಕಂದಿನಿಂದ ಕೇಳಿದ ಹೆಸರು, ನಾನು ಒಂದು ದಿನವೂ ಅದರ ಮೇಲೆ ನಿಂತು ಯೋಚಿಸಿರಲಿಲ್ಲ. ಇಂಗ್ಲಿಷ್ ಅಧಿಕಾರಿ ಬರೆದ ಕೊಂಬು ಒಂದು ಕಡೆ, ನಮ್ಮ ಜನ ಬಾಯಲ್ಲಿ ಉಳಿಸಿಕೊಂಡ ಕಹಳೆ ಇನ್ನೊಂದು ಕಡೆ. ಇದರಿಂದ ಕಥೆ ಸಾಬೀತಾಯಿತು ಅಂತ ಮೇಷ್ಟ್ರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಕೋಟೆಯಲ್ಲಿ ಕಹಳೆ ಊದುವವನು ಎಷ್ಟು ಮುಖ್ಯದವನು ಅನ್ನೋದು ನನಗೆ ಅವತ್ತು ಅರ್ಥವಾಯಿತು.

ಕೋಟೆ ಬಿದ್ದದ್ದು ಒಳಗಿನವರಿಂದ. ಮದಕರಿಯ ಸೈನಿಕರಲ್ಲೇ ಒಂದು ತಂಡವನ್ನು ಹೈದರ್ ತನ್ನ ಕಡೆ ಮಾಡಿಕೊಂಡ ಅಂತ ವಿಲ್ಕ್ಸ್ ಬರೆಯುತ್ತಾನೆ. ನಾಯಕ ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ. ಸುಮಾರು 20,000 ಜನರನ್ನೂ ಅಲ್ಲಿಗೇ ಸಾಗಿಸಿದರು ಅಂತ ವಿಲ್ಕ್ಸನ ಲೆಕ್ಕ. ಒಂದು ಊರಿನ ಜನರನ್ನೇ ಎತ್ತಿ ಒಯ್ದರೆ ಅವರ ಕಥೆಗಳನ್ನು ಹೇಳಲು ಉಳಿಯುವವರು ಯಾರು? ಇದನ್ನು ಕೇಳುವಾಗ ನನಗೆ ತುಂಬಾ ಸಂಕಟವಾಯಿತು. ಅದೇ ಕಾಲದಲ್ಲಿ ಪಕ್ಕದ ದಾವಣಗೆರೆ ಬೆಳೆಯತೊಡಗಿತು. ಹೈದರ್ ಅದನ್ನು ಅಪ್ಪೋಜಿರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ, ಅವನು ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದ.

ಜನರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ದೊಡ್ಡದಾಗಿ ಮಾಡಿದ್ದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ. 1799ರಲ್ಲಿ ಟಿಪ್ಪು ಸತ್ತಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಅವನಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಊರೂರು ಸುತ್ತಿ ಕೇಳಿದವರು ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರಂಥ ಸಹಾಯಕರು. ಹಾಗೆ ಊರುಗಳಿಂದ ಬಂದ ಕೈಫಿಯತ್ತುಗಳಲ್ಲಿ, ಅಂದರೆ ಊರವರ ಹೇಳಿಕೆಯ ಬರಹಗಳಲ್ಲಿ, ಪಾಳೆಯಗಾರರ ವಂಶಾವಳಿ, ಕೆರೆ, ಗುಡಿ, ಜಗಳ ಎಲ್ಲಾ ಇವೆ. ಬೋರಯ್ಯ 1803ರಲ್ಲೇ ತೀರಿಕೊಂಡ. ಸಂಗ್ರಹಕ್ಕೆ ಇವತ್ತಿಗೂ ಮೆಕೆಂಜಿಯ ಹೆಸರೇ ಇದೆ. ಕೇಳಿದವನ ಹೆಸರೂ ಜೊತೆಗೆ ಬರಬೇಕಿತ್ತು, ಅಲ್ವಾ?

ಜನರು ಮರೆತದ್ದನ್ನು ಕಲ್ಲು ಹೇಳಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯೊಂದನ್ನು ಊರವರು ಅಕ್ಷರಗುಂಡು ಅಂತ ಕರೆಯುತ್ತಿದ್ದರು. ಏನು ಬರೆದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಬರೆದಿದೆ ಅನ್ನೋದು ಗೊತ್ತಿತ್ತು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದು ಅಶೋಕನ ಶಾಸನ ಎಂದು ಗುರುತಿಸಿದರು. ಮೌರ್ಯರ ಪ್ರಾಂತೀಯ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಎಂಬ ಆಗಿನ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ, ಅಂದರೆ ಬರೆಯುವವನು, ತನ್ನ ಹೆಸರು ಹಾಕಿದ್ದಾನೆ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, 'ಲಿಪಿಕಾರ' ಅನ್ನುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಅಕ್ಷರ ಬಲ್ಲವನೊಬ್ಬ ನಮ್ಮ ಮೊಳಕಾಲ್ಮೂರಿನ ಬಿಸಿಲಲ್ಲಿ ಕೆಲಸ ಮಾಡಿದ್ದ!

ಆಮೇಲೆ ದುರ್ಗದ ಬುಡದಲ್ಲೇ ಇರುವ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಕದಂಬ ಮಯೂರಶರ್ಮನ ಕೆರೆಯ ಶಾಸನ ಓದಿದರು, ಅಗೆತ ನಡೆಸಿದರು. ಅವರ ಓದನ್ನು ಮುಂದಿನವರು ಪ್ರಶ್ನೆ ಮಾಡಿದರು. ನಾಯಕರ ಕಾಲದ ಕಾಗದಪತ್ರ ಹುಡುಕಿದ ಹುಲ್ಲೂರು ಶ್ರೀನಿವಾಸ ಜೋಯಿಸರನ್ನು ದುರ್ಗದವರು ಈಗಲೂ ನೆನೆಯುತ್ತಾರೆ. ತ.ರಾ.ಸು. ಕಾದಂಬರಿಗಳಿಂದ ಮದಕರಿ ಮನೆಮನೆಗೆ ಬಂದ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ನಾಗರಹಾವು ಸಿನಿಮಾದಲ್ಲಿ ಜಯಂತಿ ಒನಕೆ ಹಿಡಿದು ನಿಂತಮೇಲೆ ಓಬವ್ವ ಅಂದರೆ ಎಲ್ಲರಿಗೂ ಅದೇ ಮುಖ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಮಾಡುತ್ತಿದೆ. ಇದೆಲ್ಲಾ ಬೇಕು. ಆದರೆ ಒಂದೇ ಮುಖ, ಒಂದೇ ಕಥೆ ಗಟ್ಟಿಯಾದಷ್ಟೂ ಊರೂರಿನ ಬೇರೆ ಬೇರೆ ಹೇಳಿಕೆಗಳು ಸುಮ್ನೆ ಮರೆಯಾಗುತ್ತಿವೆ. ನನಗೆ ಜಾಸ್ತಿ ಚಿಂತೆ ಅದೇ.

ಏಳುವ ಹೊತ್ತಿಗೆ ಮೇಷ್ಟ್ರು ಕೇಳಿದರು: "ನಿಮ್ಮಜ್ಜಿ ಓಬವ್ವನ ಕಥೆ ಹೇಳ್ತಿದ್ರಾ?"

ಹೇಳುತ್ತಿದ್ದರು. ಹೊಳಲ್ಕೆರೆ ಕಡೆಯ ಅಜ್ಜಿ. ಗಂಡ ಮುದ್ದೆ ಮುಗಿಸಿ ಅನ್ನಕ್ಕೆ ಮಜ್ಜಿಗೆ ಕೇಳಿದ, ಅಷ್ಟರಲ್ಲಿ ಕೊಡ ಖಾಲಿ, ಅದಕ್ಕೇ ಅವಳು ನೀರಿಗೆ ಹೋದದ್ದು ಅನ್ನುತ್ತಿದ್ದರು. ಮೇಷ್ಟ್ರು ನೋಟ್‌ಬುಕ್ ಎಳೆದುಕೊಂಡು ತಾರೀಖು ಹಾಕಿದರು. ಹೊಳಲ್ಕೆರೆ, ಅಜ್ಜಿ, ಮಜ್ಜಿಗೆ ಅಂತ ಬರೆದರು. ಆಮೇಲೆ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಅಜ್ಜಿಗೆ ಯಾರು ಹೇಳಿದ್ರಂತೆ?"